ಎಕೋ ಚೆನ್ನಾಗಿದೆ, ಸರಿ. ಕಲಿಕೆ? ಹೃದಯದ ದೋಷದೊಂದಿಗೆ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ನೋಡಿಕೊಳ್ಳುವ ಬಗೆ

ಹುಟ್ಟುವ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷ ಇರುತ್ತದೆ. ಆಪರೇಷನ್ ಮುಗಿದು, ಎದೆಯ ಗಾಯ ಮಾಗಿ, ‘ಎಕೋ ಚೆನ್ನಾಗಿದೆ, ಆರು ತಿಂಗಳು ಬಿಟ್ಟು ಬನ್ನಿ’ ಎಂದು ವೈದ್ಯರು ಹೇಳಿದ ದಿನ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಆದರೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್, ನೋಡುವುದು ಹೃದಯವನ್ನಷ್ಟೇ. ಮಗು ಯಾವಾಗ ಕೂರಬೇಕು, ಎಷ್ಟು ಮಾತಾಡಬೇಕು, ಮೂರನೇ ತರಗತಿಯಲ್ಲಿ ಲೆಕ್ಕ ಯಾಕೆ ತಪ್ಪುತ್ತಿದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಲೆಕ್ಕವನ್ನು ಬೇರೆಯಾಗಿಯೇ ಇಡಬೇಕು, ಅದೂ ಹದಿಹರೆಯದವರೆಗೆ. ಏಕೆಂದರೆ ಈ ಮಕ್ಕಳ ತೊಂದರೆ ವಯಸ್ಸಿನ ಜೊತೆ ವೇಷ ಬದಲಿಸುತ್ತದೆ. ಆರು ತಿಂಗಳಲ್ಲಿ ಕತ್ತು ನಿಲ್ಲದಿರುವುದು, ಎರಡು ವರ್ಷಕ್ಕೆ ಮಾತು ತಡವಾಗುವುದು, ಎಂಟಕ್ಕೆ ಗಮನ ನಿಲ್ಲದಿರುವುದು, ಹದಿನೈದಕ್ಕೆ ಕೆಲಸವನ್ನು ಯೋಜಿಸಲಾಗದಿರುವುದು. ಎರಡು ವರ್ಷಕ್ಕೆ ಎಲ್ಲ ಸರಿ ಇತ್ತು ಎಂದ ಮಾತ್ರಕ್ಕೆ ಎಂಟಕ್ಕೂ ಸರಿ ಇರುತ್ತದೆ ಎಂದಲ್ಲ.

ಯಾವ ಮಕ್ಕಳಿಗೆ ಹೆಚ್ಚು ನಿಗಾ ಬೇಕು

ತಾನಾಗಿಯೇ ಮುಚ್ಚಿಹೋಗುವ ಸಣ್ಣ ರಂಧ್ರ ಇದ್ದ ಮಗುವಿನ ಬಗ್ಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಿಲ್ಲ. ಎಲ್ಲ ಮಕ್ಕಳಿಗೂ ಆಗುವ ಸಾಮಾನ್ಯ ತಪಾಸಣೆ ಸಾಕು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಈ ವಿಷಯದ ಮಾರ್ಗಸೂಚಿ ಹೊರತಂದು, 2024ರಲ್ಲಿ ಅದನ್ನು ಪರಿಷ್ಕರಿಸಿತು. ಅದರ ಪ್ರಕಾರ ಮೊದಲ ವರ್ಷದೊಳಗೆ ಹಾರ್ಟ್-ಲಂಗ್ ಮೆಷಿನ್ (ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ಮೇಲೆ ಆಪರೇಷನ್ ಆದ ಮಕ್ಕಳು ಮತ್ತು ಮೈ ನೀಲಿಯಾಗುವ ದೋಷ ದೀರ್ಘಕಾಲ ಉಳಿದ ಮಕ್ಕಳು ಹೆಚ್ಚು ಅಪಾಯದ ಗುಂಪಿಗೆ ಸೇರುತ್ತಾರೆ. ಹೃದಯದ ದೋಷದ ಜೊತೆಗೆ ಅವಧಿಗೆ ಮುಂಚೆ ಹುಟ್ಟಿದವರು, ಡೌನ್ ಸಿಂಡ್ರೋಮ್ ಅಥವಾ 22ಕ್ಯೂ11 ಡಿಲೀಷನ್‌ನಂಥ (22ನೇ ಕ್ರೋಮೋಸೋಮಿನ ಒಂದು ತುಣುಕು ಇಲ್ಲದಿರುವುದು) ಜೆನೆಟಿಕ್ ಕಾರಣ ಇರುವವರು, ಎಕ್ಮೋ (ಐಸಿಯುನಲ್ಲಿ ದಿನಗಟ್ಟಲೆ ಹೃದಯ, ಶ್ವಾಸಕೋಶಕ್ಕೆ ಆಸರೆಯಾಗುವ ಯಂತ್ರ) ಮೇಲೆ ಇದ್ದವರು, ಹೃದಯ ನಿಂತು ಸಿಪಿಆರ್ ಕೊಡಬೇಕಾಗಿ ಬಂದವರು, ಆಪರೇಷನ್ ಆಸುಪಾಸಿನಲ್ಲಿ ಫಿಟ್ಸ್ ಬಂದವರು, ಎರಡು ವಾರಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲೇ ಉಳಿದವರೂ ಅದೇ ಗುಂಪು.

ಕಾರಣ ಆಪರೇಷನ್ ಒಂದೇ ಅಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ‘ಆ ದಿನ ಆಪರೇಷನ್ ಮಾಡಿಸದೇ ಇದ್ದಿದ್ದರೆ’ ಎಂದು ಕೊರಗುವ ತಂದೆತಾಯಿಗೆ ಇದು ಮುಖ್ಯ. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿದ್ದರೆ, ಗರ್ಭದಲ್ಲೇ ಮಗುವಿನ ಮಿದುಳಿಗೆ ಆಮ್ಲಜನಕ ಕಡಿಮೆ ಇರುವ ರಕ್ತ ಹೋಗುತ್ತಿರುತ್ತದೆ. ಎಡಭಾಗದ ಹೃದಯವೇ ಸರಿಯಾಗಿ ಬೆಳೆಯದಿದ್ದಾಗಲೂ ಮಿದುಳಿಗೆ ರಕ್ತದ ಪೂರೈಕೆ ಸೊರಗುತ್ತದೆ. ಹೀಗಾಗಿ ಒಂಬತ್ತು ತಿಂಗಳು ತುಂಬಿ ಹುಟ್ಟಿದರೂ ಇಂಥ ಮಕ್ಕಳ ಮಿದುಳು ಸುಮಾರು ಒಂದು ತಿಂಗಳಷ್ಟು ಎಳೆಯದಾಗಿ ಕಾಣುತ್ತದೆ. ಅವಧಿಪೂರ್ವ ಮಕ್ಕಳಲ್ಲಿ ಕಾಣುವಂಥದೇ, ಮಿದುಳಿನ ಬಿಳಿಭಾಗದ (ನರತಂತುಗಳಿರುವ ಭಾಗ) ಗಾಯಗಳು ಇವರ ಎಂಆರ್‌ಐನಲ್ಲೂ ಕಾಣಬಹುದು. ಅದರ ಮೇಲೆ ಕಡಿಮೆ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ), ಆಪರೇಷನ್, ಐಸಿಯುವಿನ ದಿನಗಳು, ಹಾಲು ಕುಡಿಯಲಾಗದೆ ಸೊರಗಿದ ತಿಂಗಳುಗಳು ಸೇರಿಕೊಳ್ಳುತ್ತವೆ.

ಮೊದಲ ಕೆಲಸ: ಒಂದು ಫೈಲ್

ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೃದಯದ ವಿವರ ತುಂಬಿರುತ್ತದೆ, ಮಿದುಳಿಗೆ ಸಂಬಂಧಿಸಿದ್ದು ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಅಡಗಿರುತ್ತದೆ. ಮುಂದೆ ಮಗುವನ್ನು ನೋಡುವ ಥೆರಪಿಸ್ಟ್‌ಗೋ ಶಾಲೆಗೋ ಬೇಕಾಗುವುದು ಈ ಎರಡನೆಯದೇ. ಡಿಸ್ಚಾರ್ಜ್ ದಿನವೇ ಕೇಳಿ, ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ದೋಷದ ಪೂರ್ತಿ ಹೆಸರು, ಆಪರೇಷನ್ ತಾರೀಖು, ಬೈಪಾಸ್ (ಹಾರ್ಟ್-ಲಂಗ್ ಮೆಷಿನ್ ಮೇಲಿದ್ದ ಹೊತ್ತು) ಎಷ್ಟು ನಿಮಿಷ, ಮೈ ತಂಪುಮಾಡಿ ರಕ್ತಸಂಚಾರ ನಿಲ್ಲಿಸಿದ್ದರೆ ಅದು ಎಷ್ಟು ನಿಮಿಷ, ಫಿಟ್ಸ್ ಬಂದಿತ್ತೇ, ಮಿದುಳಿನ ಸ್ಕ್ಯಾನ್ ಆಗಿದ್ದರೆ ವರದಿ ಏನು, ವೆಂಟಿಲೇಟರ್ ಮತ್ತು ಐಸಿಯು ದಿನಗಳು, ಕಿವಿಯ ಪರೀಕ್ಷೆ ಆಯಿತೇ, ಜೆನೆಟಿಕ್ ಪರೀಕ್ಷೆಯ ಫಲ. ಜೆಂಟಾಮೈಸಿನ್ (ಆಂಟಿಬಯಾಟಿಕ್), ಫ್ಯೂರೋಸಮೈಡ್ (ಮೂತ್ರ ಹೆಚ್ಚಿಸುವ ಔಷಧ), ಅಮಿಯೊಡರೋನ್ (ಹೃದಯದ ಲಯ ಸರಿಪಡಿಸುವ ಔಷಧ) ಕೊಟ್ಟಿದ್ದರೆ ಅದನ್ನೂ ಸೇರಿಸಿ. ಯಾಕೆ ಎಂಬುದು ಮುಂದೆ ಬರುತ್ತದೆ.

ಪ್ರತಿ ಭೇಟಿಯಲ್ಲಿ ತೂಕ, ಉದ್ದದ ಜೊತೆ ತಲೆಸುತ್ತಳತೆಯನ್ನೂ ಅಳೆಸಿ ಚಾರ್ಟ್‌ನಲ್ಲಿ ಗುರುತು ಹಾಕಿಸಿ. ಹೃದಯದ ಕ್ಲಿನಿಕ್‌ನಲ್ಲಿ ತೂಕ ನೋಡುತ್ತಾರೆ, ಟೇಪು ತಲೆಯವರೆಗೆ ಹೋಗುವುದು ಕಡಿಮೆ. ಒಂದು ಅಳತೆಯಿಂದ ಏನೂ ತಿಳಿಯುವುದಿಲ್ಲ. ಮಗು ತನ್ನ ಗೆರೆಯ ಮೇಲೆ ಸಾಗುತ್ತಿದೆಯೋ ಕೆಳಕ್ಕೆ ಜಾರುತ್ತಿದೆಯೋ ಎಂಬುದೇ ಮುಖ್ಯ.

ಮನೆಗೆ ಬಂದ ಮೊದಲ ವಾರಗಳು

ಎದೆಯ ಮೂಳೆ ಕೂಡಲು ಸಾಮಾನ್ಯವಾಗಿ ಆರು ವಾರ ಬೇಕು. ಅಲ್ಲಿಯವರೆಗೆ ಕಂಕುಳಿಗೆ ಕೈಹಾಕಿ ಎತ್ತಬೇಡಿ, ಕೈಹಿಡಿದು ಎಳೆದು ಕೂರಿಸಬೇಡಿ. ಒಂದು ಅಂಗೈ ಕತ್ತು ಮತ್ತು ತಲೆಯ ಕೆಳಗೆ, ಇನ್ನೊಂದು ಪೃಷ್ಠದ ಕೆಳಗೆ ಜಾರಿಸಿ, ಮೊರದಲ್ಲಿ ಎತ್ತಿದ ಹಾಗೆ ಮೈಯನ್ನು ಒಟ್ಟಿಗೆ ಎತ್ತಿ. ಮಗುವನ್ನು ಮುದ್ದಾಡಲು ಬರುವವರಿಗೂ ಇದನ್ನು ಕೈಯಾರೆ ಮಾಡಿ ತೋರಿಸಿ, ಬಾಯಿಮಾತು ಸಾಲದು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಇದಕ್ಕೆ ತದ್ವಿರುದ್ಧ. ಆರು ವಾರ ಕಳೆದು ಆರು ತಿಂಗಳಾದರೂ ಮಗುವನ್ನು ಬೆನ್ನಿನ ಮೇಲೇ ಮಲಗಿಸಿ, ಗಾಜಿನ ಗೊಂಬೆಯಂತೆ ನೋಡಿಕೊಳ್ಳುವುದು. ಕತ್ತು, ಭುಜ, ಬೆನ್ನು ಬಲಿಯುವುದು ಮಗು ಬೋರಲು ಮಲಗಿ ತಲೆ ಎತ್ತುವಾಗ. ಆ ಅವಕಾಶ ತಪ್ಪಿದರೆ ಕೂರುವುದು ತಡವಾಗುತ್ತದೆ. ಕೂರುವುದು ತಡವಾದರೆ ಎರಡೂ ಕೈಯಲ್ಲಿ ಆಟಿಕೆ ಹಿಡಿದು ತಿರುಗಿಸಿ ನೋಡುವುದೂ ತಡ. ಕಲಿಕೆ ಶುರುವಾಗುವುದೇ ಅಲ್ಲಿಂದ.

ಬೋರಲು ಯಾವಾಗ ಮಲಗಿಸಬಹುದು ಎಂದು ಸರ್ಜನ್ ಅನ್ನು ಕೇಳಿ, ತಾರೀಖನ್ನೇ ಬರೆಸಿಕೊಳ್ಳಿ. ಒಪ್ಪಿಗೆ ಸಿಕ್ಕ ಮೇಲೆ ನೆಲದಿಂದ ಶುರುಮಾಡಬೇಡಿ. ನೀವು ದಿಂಬಿಗೆ ಒರಗಿ ಅರ್ಧ ಮಲಗಿ, ಮಗುವನ್ನು ನಿಮ್ಮ ಎದೆಯ ಮೇಲೆ ಬೋರಲಾಗಿ ಹಾಕಿಕೊಳ್ಳಿ. ನಿಮ್ಮ ಮುಖ ನೋಡಲು ಅದು ತಲೆ ಎತ್ತುತ್ತದೆ, ಮೂಗು ಉಜ್ಜಿಕೊಂಡು ಮತ್ತೆ ಇಳಿಸುತ್ತದೆ. ಅದೇ ವ್ಯಾಯಾಮ. ಒಂದೆರಡು ನಿಮಿಷ, ದಿನಕ್ಕೆ ಮೂರರಿಂದ ಐದು ಸಲ, ಎಚ್ಚರ ಇರುವಾಗ, ಹಾಲು ಕುಡಿಸಿ ಅರ್ಧ ಗಂಟೆಯಾದ ಮೇಲೆ. ಹಾಗೇ ಒರಗುವ ಕೋನವನ್ನು ತಗ್ಗಿಸುತ್ತಾ, ಎರಡು ಮೂರು ವಾರದಲ್ಲಿ ನೆಲದ ಚಾಪೆಗೆ ಬನ್ನಿ. ಎದೆಯ ಕೆಳಗೆ ಸುತ್ತಿದ ಟವೆಲ್ ಇಟ್ಟರೆ ಸುಲಭ. ತುಟಿ ಹೆಚ್ಚು ನೀಲಿಯಾದರೆ, ಹಣೆ ಬೆವೆತರೆ, ಪಕ್ಕೆ ಒಳಕ್ಕೆ ಎಳೆದುಕೊಂಡು ಉಸಿರಾಡಿದರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಬರೀ ರಗಳೆ ಮಾಡಿದರೆ ಎತ್ತಿಕೊಂಡು ಸಮಾಧಾನ ಮಾಡಿ, ಒಂದು ಗಂಟೆ ಬಿಟ್ಟು ಮತ್ತೆ ಮಾಡಿ. ನಿದ್ದೆಗೆ ಮಾತ್ರ ಯಾವಾಗಲೂ ಬೆನ್ನಿನ ಮೇಲೇ.

ಹಾಲಿನ ವಿಷಯ. ಈ ಮಕ್ಕಳಿಗೆ ದಿನಕ್ಕೆ ಕಿಲೋ ತೂಕಕ್ಕೆ 120ರಿಂದ 150 ಕ್ಯಾಲೊರಿಯವರೆಗೆ ಬೇಕಾಗುವುದುಂಟು. ಹೀರಲು ಮಾತ್ರ ಶಕ್ತಿ ಸಾಲುವುದಿಲ್ಲ. ಒಂದು ಹೊತ್ತಿನ ಹಾಲಿಗೆ 30 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಮಗು ಗಳಿಸುವುದಕ್ಕಿಂತ ಖರ್ಚು ಮಾಡುವುದೇ ಹೆಚ್ಚು. ಹಾಲಿನ ಸಾಂದ್ರತೆ ಹೆಚ್ಚಿಸುವ ಅಥವಾ ಮೂಗಿನ ನಳಿಕೆಯ ಮಾತನ್ನು ವೈದ್ಯರ ಜೊತೆ ಆಡಿ, ನೀವೇ ಪುಡಿ ಗಟ್ಟಿಯಾಗಿ ಕಲಸಬೇಡಿ. ನಳಿಕೆಯಲ್ಲಿ ಹಾಲು ಹೋಗುವಾಗ ಬಾಯಿಗೆ ಚೀಪಲು ಏನಾದರೂ ಇರಲಿ. ಬಾಯಿಗೆ ಕೆಲಸವೇ ಇಲ್ಲದೆ ತಿಂಗಳುಗಟ್ಟಲೆ ಕಳೆದರೆ ಆಮೇಲೆ ಚಮಚ ಕಂಡರೆ ಓಕರಿಸುವ ಮಗುವಾಗುತ್ತದೆ. ಮಹಾಧಮನಿಯ ಕಮಾನಿನ ಆಪರೇಷನ್ ಆದ ಮಗುವಿನ ಅಳು ಪಿಸುಪಿಸು ಎಂದಿದ್ದರೆ, ಹಾಲು ಕುಡಿಯುವಾಗ ಕೆಮ್ಮಿದರೆ, ಎಡ ಧ್ವನಿತಂತುವಿನ ನರಕ್ಕೆ ಪೆಟ್ಟಾಗಿರಬಹುದು. ಇಎನ್‌ಟಿ ವೈದ್ಯರು ಒಮ್ಮೆ ನೋಡಲೇಬೇಕು.

ಸರಿಪಡಿಸಬಹುದಾದ ಕಾರಣಗಳನ್ನು ಮೊದಲು ಹುಡುಕಿ

ಬೆಳವಣಿಗೆ ಹಿಂದೆ ಬಿದ್ದಾಗ ಎಲ್ಲವನ್ನೂ ಹೃದಯದ ತಲೆಗೆ ಕಟ್ಟುವುದು ರೂಢಿ. ಅಷ್ಟರಲ್ಲಿ ಸುಲಭದ ಕಾರಣಗಳು ತಪ್ಪಿಸಿಕೊಳ್ಳುತ್ತವೆ.

ಕಬ್ಬಿಣದ ಅಂಶ ಅದರಲ್ಲಿ ಮುಖ್ಯವಾದುದು. ಸ್ಯಾಚುರೇಷನ್ ಕಡಿಮೆ ಇರುವ ಮಗುವಿನ ದೇಹ ಅದನ್ನು ಸರಿದೂಗಿಸಲು ಹೆಚ್ಚು ಹಿಮೋಗ್ಲೋಬಿನ್ ತಯಾರಿಸುತ್ತದೆ. ವರದಿಯಲ್ಲಿ 14 ಎಂದಿದ್ದರೆ ‘ರಕ್ತ ಚೆನ್ನಾಗಿದೆ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ನೀಲಿ ಮಗುವಿಗೆ ಅದು ಕಡಿಮೆಯೇ ಇರಬಹುದು. ಹಿಮೋಗ್ಲೋಬಿನ್ ನೋಡಿ ತೀರ್ಮಾನಿಸದೆ ದೇಹದಲ್ಲಿ ಕಬ್ಬಿಣ ಎಷ್ಟಿದೆ ಎಂದು ತಿಳಿಸುವ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ರಕ್ತಪರೀಕ್ಷೆ ಮಾಡಿಸಲು ಕೇಳಿ. ಜ್ವರ ಅಥವಾ ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರಿರುತ್ತದೆ, ಆದ್ದರಿಂದ ಹುಷಾರಾದ ಮೇಲೆ ಮಾಡಿಸಿ. ಕಬ್ಬಿಣದ ಕೊರತೆ ನೇರವಾಗಿ ಕಲಿಕೆಯನ್ನೂ ಗಮನವನ್ನೂ ಹಿಡಿದೆಳೆಯುತ್ತದೆ. ಡೋಸ್ ವೈದ್ಯರೇ ಹೇಳಬೇಕು.

ಎರಡನೆಯದು ಕಿವಿ. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಪಾಸಾಗಿದ್ದರೂ, ಜೆಂಟಾಮೈಸಿನ್, ಫ್ಯೂರೋಸಮೈಡ್, ಎಕ್ಮೋ ಇವುಗಳ ನಂತರ ಶ್ರವಣ ಕುಂದಬಹುದು, ಅದೂ ತಿಂಗಳುಗಳ ಮೇಲೆ. ಆಪರೇಷನ್ ನಂತರ ಒಮ್ಮೆ, ಎರಡರಿಂದ ಎರಡೂವರೆ ವರ್ಷದೊಳಗೆ ಮತ್ತೊಮ್ಮೆ ಆಡಿಯಾಲಜಿಸ್ಟ್ ಬಳಿ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಚಪ್ಪಾಳೆ ಹೊಡೆದು ನೋಡುವುದು ಪರೀಕ್ಷೆಯಲ್ಲ: ಎತ್ತರದ ಸ್ವರಗಳು ಮಾತ್ರ ಕೇಳದ ಮಗುವೂ ಚಪ್ಪಾಳೆಗೆ ತಿರುಗುತ್ತದೆ.

ಥೈರಾಯ್ಡ್: ಡೌನ್ ಸಿಂಡ್ರೋಮ್ ಇದ್ದರೆ ಪ್ರತಿ ವರ್ಷ, ಅಮಿಯೊಡರೋನ್ ಕೊಡುತ್ತಿದ್ದರೆ ವೈದ್ಯರು ಹೇಳಿದಷ್ಟು ಸಲ ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಮಾಡಿಸಬೇಕು. ಕ್ಯಾಥ್ (ರಕ್ತನಾಳದ ಮೂಲಕ ಹೃದಯಕ್ಕೆ ನಳಿಕೆ ಹಾಕಿ ಮಾಡುವ ಪರೀಕ್ಷೆ) ಅಥವಾ ಸಿಟಿ ಸ್ಕ್ಯಾನಿಗೆ ಅಯೋಡಿನ್ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಹಾಕಿದ್ದರೆ, ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ವಾರದೊಳಗೆ ಥೈರಾಯ್ಡ್ ನೋಡಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಸೂಚಿಸಿದೆ. 22ಕ್ಯೂ11 ಡಿಲೀಷನ್ ಇದ್ದರೆ ಕ್ಯಾಲ್ಸಿಯಂ ಮತ್ತು ಅಂಗುಳು ಎರಡನ್ನೂ ನೋಡಿಸಿ, ಮಾತು ಮೂಗಿನಲ್ಲಿ ಬರುವುದಕ್ಕೆ ಅಲ್ಲೇ ಕಾರಣ ಇರಬಹುದು. ಗೊರಕೆ ಹೊಡೆಯುತ್ತಾ, ನಡುನಡುವೆ ಉಸಿರು ಕಟ್ಟಿದಂತಾಗುವ ಮಗುವಿಗೆ ನಿದ್ದೆಯ ತಪಾಸಣೆ ಬೇಕು.

ಮೂರು ವರ್ಷದವರೆಗೆ: ಕಾಯಬಾರದ ಗಡುವುಗಳು

ಅವಧಿಗೆ ಮುಂಚೆ ಹುಟ್ಟಿದ್ದರೆ ಎರಡು ವರ್ಷದವರೆಗೆ ಆ ವಾರಗಳನ್ನು ಕಳೆದು ವಯಸ್ಸು ಲೆಕ್ಕ ಹಾಕಿ. ಆಸ್ಪತ್ರೆಯಲ್ಲಿ ಕಳೆದ ತಿಂಗಳುಗಳನ್ನು ಮಾತ್ರ ಕಳೆಯಬೇಡಿ. ‘ಎರಡು ತಿಂಗಳು ಐಸಿಯುನಲ್ಲಿತ್ತಲ್ಲ, ಅದಕ್ಕೇ ತಡ’ ಎನ್ನುವುದು ಕಾರಣ ಇರಬಹುದು, ಕಾಯಲು ನೆಪ ಆಗಬಾರದು.

ನಾಲ್ಕು ತಿಂಗಳಿಗೆ ಕತ್ತು ನಿಲ್ಲದಿದ್ದರೆ, ಒಂಬತ್ತಕ್ಕೆ ಆಸರೆಯಿಲ್ಲದೆ ಕೂರದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಹದಿನೆಂಟಕ್ಕೆ ನಡೆಯದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ ಆ ವಾರವೇ ಥೆರಪಿಗೆ ಹೆಸರು ಬರೆಸಿ. ಯಾವ ವಯಸ್ಸಿನಲ್ಲಾದರೂ ಕಲಿತದ್ದನ್ನು ಮರೆತರೆ ವಾರವನ್ನೂ ಕಾಯಬೇಡಿ. ಹೆಚ್ಚು ಅಪಾಯದ ಗುಂಪಿನ ಮಗು ಗಡುವು ತಪ್ಪುವವರೆಗೆ ಕಾಯಬೇಕಿಲ್ಲ, ಡಿಸ್ಚಾರ್ಜ್ ಆದ ಕೂಡಲೇ ಫಿಸಿಯೋಥೆರಪಿ ಶುರುಮಾಡಬಹುದು.

ಇದರ ಜೊತೆಗೆ, ಎಲ್ಲ ಸರಿ ಕಂಡರೂ, 12ರಿಂದ 24 ತಿಂಗಳ ನಡುವೆ ಒಂದು ಪೂರ್ಣ ಮೌಲ್ಯಮಾಪನ ಮಾಡಿಸಬೇಕು. ಸಾಮಾನ್ಯವಾಗಿ ಬಳಸುವುದು ಬೇಲಿ ಪರೀಕ್ಷೆ. ಅದರಲ್ಲಿ ಅರಿವು, ಮಾತು, ಚಲನೆ ಮೂರಕ್ಕೂ ಬೇರೆಬೇರೆ ಅಂಕ ಬರುತ್ತದೆ. ನಂತರ 3ರಿಂದ 5 ವರ್ಷದ ನಡುವೆ, ಮತ್ತೆ 11–12ರಲ್ಲಿ. ಆಟಿಸಂ ಈ ಮಕ್ಕಳಲ್ಲಿ ಸ್ವಲ್ಪ ಹೆಚ್ಚು, ಹಾಗಾಗಿ 16ರಿಂದ 30 ತಿಂಗಳ ನಡುವೆ ಎಂ-ಚಾಟ್ ಪ್ರಶ್ನಾವಳಿಯನ್ನೂ ತುಂಬಿಸಿ. ಪರೀಕ್ಷೆಗೆ ಹೋಗುವ ದಿನ ಮಗುವಿಗೆ ನೆಗಡಿ ಇದ್ದರೆ, ಆಪರೇಷನ್ ಆಗಿ ಇನ್ನೂ ಎರಡು ಮೂರು ತಿಂಗಳೂ ಆಗಿರದಿದ್ದರೆ ಮುಂದೂಡಿ, ಬರುವ ಅಂಕ ಮಗುವಿನದಲ್ಲ, ಸುಸ್ತಿನದು.

ಮನೆಯಲ್ಲಿ ಮಾಡುವ ಕೆಲಸಗಳಲ್ಲಿ ಮಾತಿನಷ್ಟು ಫಲ ಕೊಡುವುದು ಬೇರೊಂದಿಲ್ಲ. ವಿಧಾನ ಸರಳ. ಮಗು ನೋಡುತ್ತಿರುವ ವಸ್ತುವಿನ ಹೆಸರು ಹೇಳಿ, ನೀವು ತೋರಿಸಬೇಕೆಂದಿರುವುದರದ್ದಲ್ಲ. ಒಂದು ಮಾತಾಡಿ ಮನಸ್ಸಿನಲ್ಲೇ ಐದು ಎಣಿಸಿ. ಆ ಐದು ಎಣಿಕೆಯ ಮೌನ ದೊಡ್ಡವರಿಗೆ ಹಿಂಸೆ, ಮಗುವಿಗೆ ಉತ್ತರ ಹುಡುಕಲು ಅಷ್ಟು ಬೇಕು. ‘ಚೆಂಡು’ ಎಂದರೆ ‘ಕೆಂಪು ಚೆಂಡು’ ಎನ್ನಿ, ‘ಕೆಂಪು ಚೆಂಡು’ ಎಂದರೆ ‘ಕೆಂಪು ಚೆಂಡು ಉರುಳಿತು’ ಎನ್ನಿ, ಪ್ರತಿ ಸಲ ಒಂದೇ ಪದ ಹೆಚ್ಚು. ತಪ್ಪಾಗಿ ಹೇಳಿದ್ದನ್ನು ತಿದ್ದಿಸಬೇಡಿ, ನೀವು ಸರಿಯಾಗಿ ಹೇಳಿ ಮುಂದೆ ಹೋಗಿ. ದಿನಕ್ಕೆ ಹತ್ತು ನಿಮಿಷದ ಎರಡು ಪಾಳಿ ಸಾಕು, ಆದರೆ ಟಿವಿ ಆಫ್ ಆಗಿರಬೇಕು. ಎರಡು ವರ್ಷ ತುಂಬುವವರೆಗೆ ಮೊಬೈಲ್ ತೋರಿಸಿ ಊಟ ಮಾಡಿಸುವುದು ಬೇಡ. ತೂಕ ಏರಿಸುವ ಆತಂಕದಲ್ಲಿ ಈ ಅಭ್ಯಾಸ ಹೆಚ್ಚಿನ ಮನೆಗಳಲ್ಲಿ ಬಂದುಬಿಡುತ್ತದೆ.

ಇನ್ನೊಂದು ಮಾತು, ಅಳಿಸಬಾರದು ಎನ್ನುವುದರ ಬಗ್ಗೆ. ಫ್ಯಾಲೋಟ್ ಟೆಟ್ರಾಲಜಿಯಂಥ (ಹೃದಯದಲ್ಲಿ ನಾಲ್ಕು ದೋಷ ಒಟ್ಟಿಗಿದ್ದು ಮೈ ನೀಲಿಯಾಗಿಸುವ) ದೋಷ ರಿಪೇರಿಯಾಗದೆ ಇರುವಾಗ ಜೋರು ಅಳು ನೀಲಿ ಸ್ಪೆಲ್, ಅಂದರೆ ಮಗು ಇದ್ದಕ್ಕಿದ್ದಂತೆ ನೀಲಿಗಟ್ಟುವುದನ್ನು, ತರಬಲ್ಲದು. ಆಗ ಮಂಡಿಗಳನ್ನು ಎದೆಗೆ ಒತ್ತಿಹಿಡಿದು ಸಮಾಧಾನಿಸಿ ತುರ್ತಾಗಿ ಆಸ್ಪತ್ರೆಗೆ ಹೋಗಬೇಕು. ಆ ಭಯ ನ್ಯಾಯವಾದದ್ದೇ. ಪೂರ್ಣ ರಿಪೇರಿಯಾದ ಮೇಲೆ ಆ ನಿಯಮ ಮುಗಿಯುತ್ತದೆ. ವೈದ್ಯರ ಬಾಯಿಂದಲೇ ‘ಇನ್ನು ಅಳಬಹುದು’ ಎಂದು ಕೇಳಿಸಿಕೊಳ್ಳಿ, ಅಜ್ಜ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಕೇಳಿಸಿ. ಕೇಳುವ ಮೊದಲೇ ಎಲ್ಲ ಕೈಗೆ ಸಿಗುವ ಮಗುವಿಗೆ ಕೇಳುವುದನ್ನೂ ಕಾಯುವುದನ್ನೂ ಕಲಿಯಲು ಸಂದರ್ಭವೇ ಬರುವುದಿಲ್ಲ. ಮುಂದೆ ಅದಕ್ಕೆ ಕಷ್ಟವಾಗುವುದೂ ಅದೇ ಕೆಲಸಗಳು.

ಶಾಲೆ: ಬುದ್ಧಿ ಇದೆ, ಕೆಲಸ ಮುಗಿಯುವುದಿಲ್ಲ

ಬಾಸ್ಟನ್‌ನಲ್ಲಿ 1988ರಿಂದ 1992ರವರೆಗೆ, ರಕ್ತನಾಳಗಳು ಅದಲುಬದಲಾಗಿದ್ದ 171 ಶಿಶುಗಳನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡು, 16 ವರ್ಷದವರೆಗೂ ಅವರ ಬೆನ್ನುಹತ್ತಿದರು. ಹೆಚ್ಚಿನವರ ಐಕ್ಯೂ ಸಾಮಾನ್ಯ ಮಿತಿಯೊಳಗೇ ಇತ್ತು. ಹಾಗಿದ್ದೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಒಂದಲ್ಲ ಒಂದು ಹಂತದಲ್ಲಿ ಕಲಿಕೆಗೋ ವರ್ತನೆಗೋ ವಿಶೇಷ ನೆರವು ಬೇಕಾಗಿತ್ತು. ಇದರ ಮರ್ಮ ಶಾಲೆಯವರಿಗೆ ಗೊತ್ತಿರಬೇಕು: ಐಕ್ಯೂ ಸರಿ ಇದೆ ಎಂಬ ಸರ್ಟಿಫಿಕೇಟು ಮಗುವಿಗೆ ಸಹಾಯ ಬೇಡ ಎಂದು ಹೇಳುವುದಿಲ್ಲ.

ಕುಂದುವುದು ಕೆಲಸವನ್ನು ನಡೆಸುವ ಶಕ್ತಿ, ಅಂದರೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ತಡೆದುಕೊಳ್ಳುವುದು, ಕ್ರಮ ಹಾಕಿಕೊಳ್ಳುವುದು. ಜೊತೆಗೆ ಕಣ್ಣು ಕಂಡದ್ದನ್ನು ಕೈಯಿಂದ ಮೂಡಿಸುವುದು. ಏಳು ವರ್ಷದ ಮಗುವಿಗೆ ‘ಶೂ ಬಿಚ್ಚಿಡು, ಬ್ಯಾಗಿನಿಂದ ಡಬ್ಬಿ ತೆಗೆ, ಕೈ ತೊಳೆದು ಬಾ’ ಎಂದು ಒಂದೇ ಉಸಿರಿನಲ್ಲಿ ಹೇಳಿ. ಶೂ ಬಿಚ್ಚುತ್ತದೆ, ಬ್ಯಾಗು ತೆರೆಯುತ್ತದೆ, ಅದರಲ್ಲಿದ್ದ ಪೆನ್ಸಿಲ್ ಹಿಡಿದು ನಿಂತುಬಿಡುತ್ತದೆ. ಹಟವಲ್ಲ, ಸೋಮಾರಿತನವೂ ಅಲ್ಲ. ಬ್ಯಾಗು ತೆರೆಯುವಷ್ಟರಲ್ಲಿ ಮುಂದಿನ ಮಾತು ಮನಸ್ಸಿನಿಂದ ಜಾರಿದೆ. ಲೆಕ್ಕದ ಪುಸ್ತಕದಲ್ಲೂ ಇದೇ ಕಾಣುತ್ತದೆ: ಕೂಡುವುದು ಬರುತ್ತದೆ, ಆದರೆ ಬಿಡಿಸ್ಥಾನದ ಅಂಕಿ ಹತ್ತರ ಕೆಳಗೆ ಕೂತಿರುತ್ತದೆ, ದಶಕ ಮರೆತಿರುತ್ತದೆ.

ಇಂಥ ಮಗುವಿಗೆ ಸಾಮಾನ್ಯವಾಗಿ ಫಲ ಕೊಡುವ ಕ್ರಮಗಳನ್ನು ಶಿಕ್ಷಕರಿಗೆ ಒಂದು ಪುಟದಲ್ಲಿ ಬರೆದುಕೊಡಿ. ಒಂದು ಸಲಕ್ಕೆ ಒಂದೇ ಸೂಚನೆ, ಮಗುವಿನಿಂದ ಅದನ್ನು ಮತ್ತೆ ಹೇಳಿಸುವುದು. ಬೋರ್ಡಿನಿಂದ ನಕಲು ಮಾಡುವ ಬದಲು ಮುದ್ರಿಸಿದ ಹಾಳೆ. ಲೆಕ್ಕಕ್ಕೆ ಚೌಕುಳಿ ಹಾಳೆ, ಒಂದು ಚೌಕಕ್ಕೆ ಒಂದು ಅಂಕಿ. ಹತ್ತು ಲೆಕ್ಕದ ಪುಟವನ್ನು ಮಡಿಚಿ ಮೂರು ಮೂರೇ ಕಾಣುವಂತೆ ಇಡುವುದು. ಪರೀಕ್ಷೆಗೆ ಹೆಚ್ಚುವರಿ ಸಮಯ. ಮುಂದಿನ ಸಾಲಿನಲ್ಲಿ ಕೂರಿಸುವುದು. ಆಟಕ್ಕೆ ಬಿಡಬಹುದೇ ಎಂಬುದಕ್ಕೆ ಹೃದಯ ವೈದ್ಯರ ಲಿಖಿತ ಒಪ್ಪಿಗೆ ಲಗತ್ತಿಸಿ, ಇಲ್ಲದಿದ್ದರೆ ಭಯಕ್ಕೆ ಬಿದ್ದು ಮಗುವನ್ನು ಆಟದ ಪೀರಿಯಡ್‌ನಲ್ಲಿ ಬೆಂಚಿನ ಮೇಲೆ ಕೂರಿಸುತ್ತಾರೆ. ಹೆಚ್ಚಿನ ಮಕ್ಕಳಿಗೆ ಆಟ ಬೇಕು, ಗಮನಕ್ಕೂ ಅದು ಒಳ್ಳೆಯದು.

ಗಮನದ ತೊಂದರೆ, ಅಂದರೆ ಎಡಿಎಚ್‌ಡಿ, ಈ ಮಕ್ಕಳಲ್ಲಿ ಇತರರಿಗಿಂತ ಹೆಚ್ಚು. ‘ಹೃದಯದ ಮಗು, ಆ ಮಾತ್ರೆ ಕೊಡಲೇಬಾರದು’ ಎಂದು ಬಹಳ ಕಡೆ ಹೇಳಿ ಕಳಿಸುತ್ತಾರೆ. ಅದು ಸರಿಯಲ್ಲ. ಹೃದಯ ವೈದ್ಯರು ಇಸಿಜಿ, ಬಿಪಿ, ಲಯದ ಇತಿಹಾಸ ನೋಡಿ ಒಪ್ಪಿದರೆ ಹಲವರಿಗೆ ಕೊಡಬಹುದು, ನಾಡಿ ಮತ್ತು ಬಿಪಿ ಮೇಲೆ ನಿಗಾ ಇಟ್ಟುಕೊಂಡು.

ತಡಮಾಡಬಾರದ ಲಕ್ಷಣಗಳು

ಒಂದು ಕೈ ಅಥವಾ ಕಾಲು ಸೋತರೆ, ಬಾಯಿ ಒಂದು ಬದಿಗೆ ವಾಲಿದರೆ, ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಫಿಟ್ಸ್ ಬಂದರೆ ಪಾರ್ಶ್ವವಾಯು ಇರಬಹುದು, ಕೂಡಲೇ ಆಸ್ಪತ್ರೆಗೆ. ನೀಲಿ ಇರುವ ಮಗುವಿಗೆ ವಾಂತಿಭೇದಿಯಾದರೆ ರಕ್ತ ಗಟ್ಟಿಯಾಗಿ ಇದೇ ಅಪಾಯ ಬರುತ್ತದೆ, ಮನೆಯಲ್ಲಿ ಕಾಯದೆ ಆ ದಿನವೇ ತೋರಿಸಿ. ಎರಡು ವರ್ಷ ದಾಟಿದ ನೀಲಿ ಮಗುವಿಗೆ ಜ್ವರದ ಜೊತೆ ಬಿಡದ ತಲೆನೋವು, ವಾಂತಿ, ಮಂಪರು ಕಂಡರೆ ಮಿದುಳಿನಲ್ಲಿ ಕೀವು ತುಂಬಿರಬಹುದು. ‘ಹೃದಯದ ದೋಷ ಇದೆ, ಸ್ಯಾಚುರೇಷನ್ ಇಷ್ಟು’ ಎಂದು ತುರ್ತು ವಿಭಾಗದಲ್ಲಿ ಮೊದಲ ವಾಕ್ಯದಲ್ಲೇ ಹೇಳಿ.

ಹನ್ನೆರಡರ ನಂತರ

ಈ ವಯಸ್ಸಿನಲ್ಲಿ ಗೆಳೆತನ ಮತ್ತು ಆತಂಕ ಮುಂದೆ ಬರುತ್ತವೆ. ವ್ಯಂಗ್ಯ ಅರ್ಥವಾಗದಿರುವುದು, ಎದುರಿನವರ ಮುಖಭಾವ ಓದಲಾಗದಿರುವುದು ಶಾಲೆಯಲ್ಲಿ ಒಂಟಿಮಾಡುತ್ತದೆ. 11–12ರ ಮೌಲ್ಯಮಾಪನದಲ್ಲಿ ಮನಸ್ಥಿತಿಯನ್ನೂ ನೋಡಲು ಕೇಳಿ, ಮಗು ವೈದ್ಯರ ಜೊತೆ ಹತ್ತು ನಿಮಿಷ ಒಬ್ಬನೇ ಅಥವಾ ಒಬ್ಬಳೇ ಮಾತಾಡಲಿ. ತನ್ನ ದೋಷದ ಹೆಸರು, ಆದ ಆಪರೇಷನ್, ನುಂಗುವ ಮಾತ್ರೆ ಇಷ್ಟನ್ನು ಮಗು ತಾನೇ ಹೇಳುವಂತೆ ಅಭ್ಯಾಸ ಮಾಡಿಸಿ.

ಮಾತ್ರೆಯ ಜವಾಬ್ದಾರಿಯನ್ನು ಮಾತ್ರ ಒಮ್ಮೆಲೇ ಬಿಟ್ಟುಕೊಡಬೇಡಿ. ಮರೆವು ಈ ಮಕ್ಕಳಿಗೆ ಸ್ವಭಾವದ ದೋಷವಲ್ಲ, ಮಿದುಳು ಕೆಲಸ ಮಾಡುವ ರೀತಿಯೇ ಹಾಗೆ. ರಕ್ತ ತೆಳುಮಾಡುವ ಮಾತ್ರೆ ಎರಡು ದಿನ ತಪ್ಪಿದರೆ ಕೃತಕ ಕವಾಟದ ಮೇಲೆ ಹೆಪ್ಪು ಕಟ್ಟಬಹುದು. ವಾರದ ಏಳು ಖಾನೆಯ ಡಬ್ಬಿ ತನ್ನಿ, ಭಾನುವಾರ ನೀವು ನೋಡುತ್ತಿರುವಾಗ ಮಗುವೇ ತುಂಬಲಿ, ಫೋನಿನಲ್ಲಿ ಅಲಾರಂ ಇರಲಿ. ಮೊದಲ ಮೂರು ತಿಂಗಳು ದಿನಾ ರಾತ್ರಿ ಖಾಲಿ ಖಾನೆ ನೀವು ನೋಡಿ, ಆಮೇಲಿನ ಮೂರು ತಿಂಗಳು ವಾರಕ್ಕೊಮ್ಮೆ. ಒಂದು ಖಾನೆ ತುಂಬಿದ್ದು ಕಂಡರೆ ಬೈಯದೆ, ಆ ಹೊತ್ತಿನಲ್ಲಿ ಮಗು ಎಲ್ಲಿತ್ತು ಎಂದು ಕೇಳಿ, ಅಲಾರಂ ಸಮಯವನ್ನು ಬದಲಿಸಿ.